‘ಓಪನ್’ ಒತ್ತಿದರೆ ಬೇರೆಯವರ ಮನೆ: ಒಂದು ಲಿಂಕ್ ಸರಿಮಾಡಿದ ಎರಡೂವರೆ ತಿಂಗಳು

ತುಳುವಿನ ಆಟಿ ತಿಂಗಳು ಶುರುವಾಗಿ ನಾಲ್ಕೈದು ದಿನ ಆಗಿತ್ತು. ಮಂಗಳೂರು ಬಲ್ಮಠದ ನಮ್ಮ ಆಫೀಸಿನ ಕಿಟಕಿಯಿಂದ ಎದುರಿನ ಕಟ್ಟಡವೂ ಕಾಣದಂಥ ಮಳೆ. ಹೊಸದಾಗಿ ಸೇರಿದ ಹುಡುಗಿ ಲ್ಯಾಪ್‌ಟಾಪ್ ಎತ್ತಿಕೊಂಡೇ ನನ್ನ ಮೇಜಿನ ಹತ್ತಿರ ಬಂದಳು.

“ಅಕ್ಕ, ಇದು ಎಂತ ಅಂತ ಒಮ್ಮೆ ನೋಡಿ. ನ್ಯೂಲೈನ್ ಅಂತ ಒಂದು ಆಪ್ಷನ್ ಕೊಡಬಹುದು ಅಂತ ಡಾಕ್ಯುಮೆಂಟಲ್ಲಿ ಉಂಟು. ಕೊಟ್ಟರೆ ಟೈಪ್ ಎರರ್ ಬರ್ತದೆ. ಬೆಳಿಗ್ಗೆಯಿಂದ ಇದೇ ಆಯ್ತು.”

ಅಳತೆ ಯಂತ್ರಗಳಿಂದ ಬರುವ ಫೈಲುಗಳನ್ನು ಓದಲಿಕ್ಕೆ ನಾವು ಬಳಸುವ ಒಂದು ಲೈಬ್ರರಿ, ಅಂದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿಟ್ಟ ಸಿದ್ಧ ಕೋಡ್. ಅದರ ಹೆಸರು ಬೇಡ. ನಡೆಸುವವರು ಮೂರ್ನಾಲ್ಕು ಜನ, ಸಂಬಳವಿಲ್ಲದೆ ರಾತ್ರಿ ಕೂತು ಮಾಡುವವರು. ಅದರ ಟ್ಯುಟೋರಿಯಲ್ ಪುಟದಲ್ಲಿ ‘ಓಪನ್’ ಎಂಬ ಫಂಕ್ಷನ್ (ಫೈಲು ತೆರೆಯುವ ಆಜ್ಞೆ) ಹೆಸರು ನೀಲಿಯಾಗಿ ಲಿಂಕ್ ಆಗಿದೆ. ಹುಡುಗಿ ಒತ್ತಿದ್ದಾಳೆ. ತೆರೆದುಕೊಂಡದ್ದು ಲೈಬ್ರರಿಯ ಓಪನ್ ಅಲ್ಲ, ಪೈಥಾನ್‌ನದೇ ಓಪನ್. ಅಲ್ಲಿ ಮೋಡ್, ಬಫರಿಂಗ್, ಎನ್‌ಕೋಡಿಂಗ್, ನ್ಯೂಲೈನ್ ಎಲ್ಲ ಉಂಟು. ಲೈಬ್ರರಿಯ ಓಪನ್‌ಗೆ ಅದರಲ್ಲಿ ಒಂದೂ ಇಲ್ಲ. ಸೈಟೇ ಬದಲಾದದ್ದು ಗೊತ್ತಾಗಲಿಲ್ವಾ ಅಂತ ಕೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ಎರಡು ವರ್ಷದ ಹಿಂದೆ ನಾನೂ ಅದೇ ಲಿಂಕ್ ಒತ್ತಿ ಒಂದು ಮಧ್ಯಾಹ್ನ ಹಾಳು ಮಾಡಿಕೊಂಡಿದ್ದೆ. ಗೊತ್ತಾದ ಮೇಲೆ ಯಾರಿಗೂ ಹೇಳದೆ ಸುಮ್ಮನಿದ್ದೆ.

“ಹತ್ತು ನಿಮಿಷದ ಕೆಲಸ. ನಾನೇ ಸರಿ ಮಾಡಿ ಕಳಿಸ್ತೇನೆ” ಅಂದೆ.

ಲಿಂಕ್ ಯಾಕೆ ತಪ್ಪಿತು ಅಂತ ಮೊದಲು ಹೇಳಿಬಿಡುತ್ತೇನೆ, ಮುಂದಿನ ಪಾಡೆಲ್ಲ ಅದರಿಂದಲೇ ಹುಟ್ಟಿದ್ದು. ಪೈಥಾನ್ ಲೈಬ್ರರಿಗಳ ಡಾಕ್ಯುಮೆಂಟೇಶನ್‌ನಲ್ಲಿ ಬಹಳಷ್ಟು ಸ್ಫಿಂಕ್ಸ್ ಎಂಬ ಸಾಧನದಿಂದ ತಯಾರಾಗುತ್ತದೆ. ಪೈಥಾನ್‌ನ ಸ್ವಂತ ದಾಖಲೆಗಳಿಗಾಗಿ ಮಾಡಿ 2008ರಲ್ಲಿ ಹೊರಗೆ ಬಿಟ್ಟದ್ದು. ಅದರಲ್ಲಿ ಲಿಂಕ್ ಹಾಕುವಾಗ ವಿಳಾಸ ಬರೆಯುವುದಿಲ್ಲ, ಹೆಸರು ಬರೆಯುತ್ತೇವೆ: ‘ಫಂಕ್’ ಎಂಬ ಗುರುತು ಹಾಕಿ, ಮುಂದೆ ಬ್ಯಾಕ್‌ಟಿಕ್ ಒಳಗೆ ಫಂಕ್ಷನ್‌ನ ಹೆಸರು. ಆ ಹೆಸರಿನವರು ಎಲ್ಲಿದ್ದಾರೆ ಅಂತ ಹುಡುಕಿ ಲಿಂಕ್ ಕೊಡುವುದು ಸ್ಫಿಂಕ್ಸ್‌ನ ಕೆಲಸ. ನಮ್ಮ ಲೈಬ್ರರಿಯಲ್ಲಿ ಸಿಗದಿದ್ದರೆ ಇಂಟರ್‌ಸ್ಫಿಂಕ್ಸ್ ಎಂಬ ಇನ್ನೊಂದು ಭಾಗ ಹೊರಗಿನ ಲೈಬ್ರರಿಗಳ ಪಟ್ಟಿ ತೆಗೆದು ಅಲ್ಲಿ ನೋಡುತ್ತದೆ.

ಹೊರಗಿನಿಂದ ಬಂದವರು ಮಂಗಳೂರಿನ ಬಸ್ಸಲ್ಲಿ “ಸ್ಟೇಟ್‌ಬ್ಯಾಂಕ್” ಅಂತ ಟಿಕೆಟ್ ತೆಗೆದ ಹಾಗೆ ಇದು. ಅವರಿಗೆ ಬೇಕಾದದ್ದು ಬ್ಯಾಂಕು, ಪಾಸ್‌ಬುಕ್ ಕೈಯಲ್ಲೇ ಇರುತ್ತದೆ. ಕಂಡಕ್ಟರ್ ಇಳಿಸುವುದು ಬಸ್‌ಸ್ಟ್ಯಾಂಡಿನಲ್ಲಿ, ಇಲ್ಲಿ ಆ ಹೆಸರಿಗೆ ಅದೇ ಅರ್ಥ. ಅವನದು ತಪ್ಪಲ್ಲ. ಯಾವ ಸ್ಟೇಟ್‌ಬ್ಯಾಂಕ್ ಅಂತ ಹೇಳದೇ ಇದ್ದದ್ದು ತಪ್ಪು. ನಮ್ಮ ಟ್ಯುಟೋರಿಯಲ್ ಬರೆದವರೂ ಬರೀ ‘ಓಪನ್’ ಅಂತ ಬರೆದಿದ್ದರು. ಮಾಡ್ಯೂಲ್‌ಗಳ (ಲೈಬ್ರರಿಯ ಒಂದೊಂದು ಭಾಗದ) ವಿವರ ಇರುವ ಪುಟಗಳಲ್ಲಿ ಹಾಗೆ ಬರೆದರೂ ನಡೆಯುತ್ತದೆ. ಆ ಪುಟ ಯಾವ ಮಾಡ್ಯೂಲ್‌ನದ್ದು ಅಂತ ಸ್ಫಿಂಕ್ಸ್‌ಗೆ ಗೊತ್ತಿರುತ್ತದೆ. ಟ್ಯುಟೋರಿಯಲ್ ಪುಟಕ್ಕೆ ಹಾಗೆ ಯಾವ ಮಾಡ್ಯೂಲೂ ಇಲ್ಲ. ಒಳಗೆ ಸಿಗಲಿಲ್ಲ, ಹೊರಗೆ ಪೈಥಾನ್‌ನ ಓಪನ್ ಸಿಕ್ಕಿತು, ಅಲ್ಲಿಗೇ ಲಿಂಕ್.

ಅದೇ ದಿನ ಲೈಬ್ರರಿಯ ಇಶ್ಯೂಗಳ (ದೂರುಗಳ) ಪಟ್ಟಿ ಹುಡುಕಿದೆ. “ಕೆಲವು ಲಿಂಕ್ ತಪ್ಪಾಗಿವೆ” ಅಂತ ಯಾರೋ ಮೂರು ವರ್ಷದ ಹಿಂದೆ ಬರೆದಿಟ್ಟದ್ದು ಸಿಕ್ಕಿತು. ಕೆಳಗೆ ಏಳು ಜನ ಹೆಬ್ಬೆರಳು ತೋರಿಸಿದ್ದಾರೆ, ಕೆಲಸ ಯಾರೂ ಮಾಡಿಲ್ಲ. ನಾನು ಮಾಡುತ್ತೇನೆ, ಯಾರಾದರೂ ಈಗಾಗಲೇ ಹಿಡಿದುಕೊಂಡಿದ್ದೀರಾ ಅಂತ ಅಲ್ಲೇ ಕೇಳಿದೆ. ಆರು ದಿನ ಉತ್ತರ ಇಲ್ಲ. ಇಂಥ ಕಡೆ ಕೇಳದೆ ಶುರು ಮಾಡಬೇಡಿ, ಆದರೆ ಉತ್ತರಕ್ಕೆ ಕಾದು ಕೂರಲೂ ಬೇಡಿ. ಆ ಆರು ದಿನದಲ್ಲಿ ಕಂಪ್ಯೂಟರ್‌ನಲ್ಲಿ ಎಲ್ಲ ಸಜ್ಜು ಮಾಡಿಕೊಳ್ಳಬಹುದಿತ್ತು. ನಾನು ದಿನಾ ಮೂರು ಸಲ ಇಮೇಲ್ ತೆರೆದು ನೋಡಿದ್ದು ಬಿಟ್ಟರೆ ಬೇರೆ ಏನೂ ಮಾಡಲಿಲ್ಲ. ಏಳನೇ ದಿನ, ಶುಕ್ರವಾರ ಸಂಜೆ, ಊರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸು ಪಡುಬಿದ್ರಿ ದಾಟುವಾಗ ಮೊಬೈಲ್ ಸದ್ದು ಮಾಡಿತು. ಧನ್ಯವಾದ, ಮಾಡಿ ಕಳಿಸಿ. ಎರಡೇ ಶಬ್ದದಷ್ಟು ಉತ್ತರ. ಕಾಪು ಬರುವವರೆಗೆ ಅದನ್ನೇ ನಾಲ್ಕು ಸಲ ಓದಿದೆ.

ನಮ್ಮ ಮನೆ ಉಡುಪಿಯ ಕುಂಜಿಬೆಟ್ಟಿನಲ್ಲಿ. ಶನಿವಾರ ಬೆಳಿಗ್ಗೆ ಕೂತೆ, ಕರೆಂಟ್ ಹೋಯಿತು. ಕರೆಂಟ್ ಹೋದರೆ ವೈಫೈಯೂ ಇಲ್ಲ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಕ್ಲೋನ್ ಮಾಡಲು, ಅಂದರೆ ಲೈಬ್ರರಿಯ ಪೂರ್ತಿ ಪ್ರತಿ ಇಳಿಸಿಕೊಳ್ಳಲು ಹೋದರೆ, ಹತ್ತು ವರ್ಷದ ಚಿತ್ರ, ಉದಾಹರಣೆ ಫೈಲು, ಹಳೆಯ ಚರಿತ್ರೆ ಎಲ್ಲ ಇಳಿಯುತ್ತಾ ಆ ದಿನದ ಡೇಟಾ ಅರ್ಧದಲ್ಲೇ ಖಾಲಿ. ಎರಡು ಸಲ ಟಾಪ್‌ಅಪ್ ಹಾಕಿಸಿದೆ. ಆಮೇಲೆ ನೆನಪಾಯಿತು: ಕ್ಲೋನ್ ಮಾಡುವಾಗ ‘ಡೆಪ್ತ್ ಒಂದು’ ಅಂತ ಕೊಟ್ಟರೆ ಹಿಂದಿನ ಚರಿತ್ರೆ ಬಿಟ್ಟು ಈಗಿನ ಫೈಲುಗಳು ಮಾತ್ರ ಬರುತ್ತವೆ. ನೀವು ಮೊದಲೇ ನೆನಪಿಟ್ಟುಕೊಳ್ಳಿ.

ಅಮ್ಮ ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಾ ಕೇಳಿದರು, “ಇದಕ್ಕೆ ದುಡ್ಡು ಕೊಡ್ತಾರಾ?”

“ಇಲ್ಲ.”

“ಮತ್ತೆಂತಕ್ಕೆ?”

ಎಲೆಯ ಹಿಂದಿನ ದಪ್ಪ ನಾರನ್ನು ಚಾಕುವಿನಲ್ಲಿ ಸೀಳದೆ ತೆಗೆಯುವುದೂ ದುಡ್ಡಿಗಲ್ಲ ಅಂತ ಹೇಳಬೇಕೆನಿಸಿತು, ಹೇಳಲಿಲ್ಲ. ಪತ್ರೊಡೆ ಬೇಕಿತ್ತು.

ಮಧ್ಯಾಹ್ನ ಬಿಲ್ಡ್ ಓಡಿಸಿದೆ, ಅಂದರೆ ಡಾಕ್ಯುಮೆಂಟೇಶನ್ ಪುಟಗಳನ್ನು ತಯಾರಿಸಿದೆ. ಸ್ಫಿಂಕ್ಸ್ ಸುಮ್ಮನೆ ಓಡಿಸಿದರೆ ಸಿಗದ ಹೆಸರುಗಳ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಲಿಂಕ್ ಇಲ್ಲದೆ ಹೆಸರನ್ನಷ್ಟೇ ಅಚ್ಚು ಹಾಕಿ ಮುಂದೆ ಹೋಗುತ್ತದೆ. ‘ನಿಟ್‌ಪಿಕಿ’ ಅಂತ ಒಂದು ಸೆಟ್ಟಿಂಗ್ ಉಂಟು. ಕಮಾಂಡ್‌ನಲ್ಲಿ ಹೈಫನ್ ಹಾಕಿ ಸಣ್ಣ ಎನ್ ಬರೆದರೂ ಸಾಕು. ಆಗ ಸಿಗದ ಪ್ರತಿಯೊಂದು ಹೆಸರಿಗೂ ಒಂದೊಂದು ಎಚ್ಚರಿಕೆ ಬರುತ್ತದೆ. ನನಗೆ ಬಂದದ್ದು 212. ಅದರಲ್ಲಿ 94 ಶುದ್ಧ ತಮಾಷೆ. “ಆಪ್ಷನಲ್ ಎಂಬ ಕ್ಲಾಸ್ ಸಿಗಲಿಲ್ಲ”, “ಅರೇ ಲೈಕ್ ಎಂಬ ಕ್ಲಾಸ್ ಸಿಗಲಿಲ್ಲ” ಅಂತ. ಪ್ಯಾರಾಮೀಟರ್‌ನ ಟೈಪ್ ಬರೆಯುವ ಜಾಗದಲ್ಲಿ “ಇಂಟ್, ಆಪ್ಷನಲ್” ಅಂತ ಬರೆದರೆ ಸ್ಫಿಂಕ್ಸ್ ಆಪ್ಷನಲ್ ಅನ್ನೂ ಒಂದು ಕ್ಲಾಸ್ ಅಂತ ತಿಳಿದು ಹುಡುಕಲು ಹೊರಡುತ್ತದೆ, ಪಾಪ. ಅವಕ್ಕೆ ಕಾನ್ಫಿಗ್ ಫೈಲಿನ ನಿಟ್‌ಪಿಕ್ ಇಗ್ನೋರ್ ಪಟ್ಟಿಯಲ್ಲಿ ನಾಲ್ಕು ಸಾಲು ಹಾಕಿದರೆ ಮುಗಿಯಿತು.

ಉಳಿದ 118 ನಿಜವಾದವು. ಹೆಸರು ಬದಲಾದ ಫಂಕ್ಷನ್‌ಗಳು, ಅಕ್ಷರ ತಪ್ಪಿದವು, ಒಳಗಿನ ಖಾಸಗಿ ಮಾಡ್ಯೂಲ್‌ನ ಹೆಸರು ಹಿಡಿದು ಬರೆದವು. ಮೊದಲ ಆರನ್ನು ತಿದ್ದಿ ಮತ್ತೆ ಬಿಲ್ಡ್ ಓಡಿಸಿದೆ. ಮೂರೇ ಎಚ್ಚರಿಕೆ ಬಂತು! ಎಲ್ಲದಕ್ಕೂ ಬೇರು ಒಂದೇ ಇತ್ತು, ಆ ಆರರಲ್ಲೇ ಹೋಯಿತು ಅಂದುಕೊಂಡೆ. ಉಳಿದ ಮೂರನ್ನೂ ತಿದ್ದಿದೆ, ಸೊನ್ನೆ. ಅಮ್ಮನಿಗೆ “ಮುಗೀತು” ಅಂದು ಎರಡು ತುಂಡು ಪತ್ರೊಡೆ ಹೆಚ್ಚು ತಿಂದೆ.

ಮಾರನೆಯ ದಿನ ಏನೋ ಅನುಮಾನ ಬಂದು ಬಿಲ್ಡ್ ಫೋಲ್ಡರ್ ಅಳಿಸಿ ಮೊದಲಿನಿಂದ ಓಡಿಸಿದರೆ ಮತ್ತೆ ಇನ್ನೂರ ಮೂರು. ಸ್ಫಿಂಕ್ಸ್ ಎರಡನೇ ಸಲ ಓಡುವಾಗ ಬದಲಾದ ಫೈಲುಗಳನ್ನು ಮಾತ್ರ ನೋಡುತ್ತದೆ, ಬದಲಾಗದ ಪುಟದ ಎಚ್ಚರಿಕೆಯನ್ನು ಮತ್ತೆ ಹೇಳುವುದಿಲ್ಲ. ಹಾಗಾಗಿ ಪ್ರತಿ ಸಲ ‘ಮೇಕ್ ಕ್ಲೀನ್’ (ಹಳೆಯ ಬಿಲ್ಡ್ ಅಳಿಸುವ ಕಮಾಂಡ್) ಮಾಡಿಯೇ ಬಿಲ್ಡ್ ಓಡಿಸಿ. ನನಗೆ ಆ ಭಾನುವಾರ ಆದಷ್ಟು ಮಂಡೆಬಿಸಿ ಆಮೇಲೆ ಯಾವತ್ತೂ ಆಗಲಿಲ್ಲ. ಸಂಜೆ ಬಸ್ಸಲ್ಲಿ ಕೂತು ಈ ಕೆಲಸ ಬಿಟ್ಟುಬಿಡುವುದು ಅಂತ ನಿಶ್ಚಯವನ್ನೇ ಮಾಡಿದೆ.

ಬಿಡದ ಹಾಗೆ ಮಾಡಿದ್ದು ಆ ಹುಡುಗಿ. ಸೋಮವಾರ ಆ 212ರ ಪಟ್ಟಿ ತೋರಿಸಿದೆ. ಅವಳು ಮೇಲಿನಿಂದ ಕೆಳಗಿನವರೆಗೆ ನೋಡಿ, “ಅಕ್ಕ, ನಾನು ಬಿದ್ದ ಓಪನ್ ಇದರಲ್ಲಿ ಎಲ್ಲಿ ಉಂಟು?” ಅಂದಳು.

ಇರಲಿಲ್ಲ.

ಇರುವುದು ಹೇಗೆ? ಎಚ್ಚರಿಕೆ ಬರುವುದು ಹೆಸರು ಸಿಗದಿದ್ದಾಗ. ಓಪನ್ ಸಿಕ್ಕಿದೆಯಲ್ಲ, ಪೈಥಾನ್‌ನಲ್ಲಿ. ಸ್ಫಿಂಕ್ಸ್‌ನ ಲೆಕ್ಕದಲ್ಲಿ ಅದು ಸರಿಯಾದ ಲಿಂಕ್. ಸತ್ತ ಲಿಂಕ್ ಹುಡುಕುವ ಲಿಂಕ್‌ಚೆಕ್ ಎಂಬುದನ್ನು ಓಡಿಸಿದೆ, ಅದೂ ಸರಿ ಅಂತ ಹೇಳಿತು, ಪುಟ ತೆರೆಯುತ್ತದಲ್ಲ! ಮುರಿದ ಲಿಂಕ್ ತಾನಾಗಿ ಬೊಬ್ಬೆ ಹೊಡೆಯುತ್ತದೆ. ಈ ಜಾತಿಯದ್ದು ಇಸ್ತ್ರಿ ಹಾಕಿದ ಅಂಗಿ ತೊಟ್ಟು ತಪ್ಪು ಮನೆಯ ಮದುವೆ ಊಟಕ್ಕೆ ಕೂತಂಥದ್ದು. ನಾನು ಎರಡು ದಿನ ಬೇರೆ ರೋಗಕ್ಕೆ ಮದ್ದು ಅರೆದಿದ್ದೆ.

ಮುಂದೆ ಮಾಡಿದ್ದು ಇಷ್ಟು. ತಯಾರಾದ ಪುಟಗಳಲ್ಲಿ ಪೈಥಾನ್ ಸೈಟಿಗೆ ಹೋಗುವ ಲಿಂಕುಗಳನ್ನೆಲ್ಲ ಹೆಕ್ಕಿ ತೆಗೆಯಲು ಹದಿನೈದು ಸಾಲಿನ ಸಣ್ಣ ಸ್ಕ್ರಿಪ್ಟ್ ಬರೆದೆ. 61 ಸಿಕ್ಕಿದವು. ಪ್ರತಿಯೊಂದನ್ನೂ ಅದರ ವಾಕ್ಯದ ಜೊತೆ ಓದಿದೆವು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ನಾನು ಮತ್ತು ಅವಳು. ಲಿಂಕಿನ ಮೇಲೆ ಮೌಸ್ ಇಟ್ಟು ಒಂದು ಕ್ಷಣ ನಿಂತರೆ ಸಣ್ಣ ಹಳದಿ ಚೀಟಿಯಂಥದ್ದು ಬಂದು “ಪೈಥಾನ್‌ನಲ್ಲಿ, ಆವೃತ್ತಿ ಇಂತಿಷ್ಟು” ಅಂತ ತೋರಿಸುತ್ತದೆ. ಇಂಟರ್‌ಸ್ಫಿಂಕ್ಸ್ ಹಾಕಿದ ಲಿಂಕಿನ ಗುರುತು ಅದು. ನಮ್ಮದೇ ಲೈಬ್ರರಿಯ ಒಳಗಿನ ಲಿಂಕಾದರೆ ಆ ಚೀಟಿಯಲ್ಲಿ ಫಂಕ್ಷನ್‌ನ ಪೂರ್ತಿ ಹೆಸರು ಇರುತ್ತದೆ. 61ರಲ್ಲಿ 50 ಸರಿಯೇ. 11 ತಪ್ಪು: ಓಪನ್ ಆರು ಕಡೆ, ಫಿಲ್ಟರ್ ಮೂರು ಕಡೆ, ಮ್ಯಾಪ್ ಒಂದು, ಫಾರ್ಮ್ಯಾಟ್ ಒಂದು. ಗಮನಿಸಿ, ಎಲ್ಲವೂ ಪೈಥಾನ್‌ನ ಹುಟ್ಟು ಫಂಕ್ಷನ್‌ಗಳ ಹೆಸರೇ. ನಿಮ್ಮ ಲೈಬ್ರರಿಯಲ್ಲಿ ಇಂಥ ಹೆಸರಿಟ್ಟ ಪುಣ್ಯಾತ್ಮರಿದ್ದರೆ ಮೊದಲು ಅಲ್ಲೇ ಹುಡುಕಿ.

ಸರಿಮಾಡಲು ದಾರಿ ಎರಡು. ಪುಟದ ತಲೆಯಲ್ಲಿ ‘ಕರೆಂಟ್ ಮಾಡ್ಯೂಲ್’ ಅಂತ ಒಂದು ಸಾಲು ಹಾಕಿದರೆ ಆ ಪುಟದ ಎಲ್ಲ ಗಿಡ್ಡ ಹೆಸರುಗಳೂ ಆ ಮಾಡ್ಯೂಲ್‌ನಲ್ಲೇ ಹುಡುಕಲ್ಪಡುತ್ತವೆ. ಸುಲಭ. ಆದರೆ ನಾಳೆ ಯಾರಾದರೂ ಒಂದು ಪ್ಯಾರಾ ಎತ್ತಿ ಬೇರೆ ಪುಟಕ್ಕೆ ಹಾಕಿದರೆ ಮತ್ತೆ ಅದೇ ಗತಿ, ಅದೂ ಸದ್ದಿಲ್ಲದೆ. ನಾನು ಪ್ರತಿ ಕಡೆ ಪೂರ್ತಿ ಹೆಸರು ಬರೆದೆ, ಅದರ ಮೊದಲಿಗೆ ಒಂದು ಟಿಲ್ಡೆ ಚಿಹ್ನೆ (~) ಹಾಕಿ. ಟಿಲ್ಡೆ ಹಾಕಿದರೆ ಓದುವವರಿಗೆ ಕೊನೆಯ ತುಂಡು ಮಾತ್ರ ಕಾಣುತ್ತದೆ, ಲಿಂಕ್ ಮಾತ್ರ ಪೂರ್ತಿ ವಿಳಾಸಕ್ಕೆ ಹೋಗುತ್ತದೆ. ಹೆಸರಿನ ಮೊದಲಿಗೆ ಬರೀ ಚುಕ್ಕೆ ಹಾಕುವ ಮೂರನೆಯ ಉಪಾಯವೂ ಉಂಟು, ಇಡೀ ಲೈಬ್ರರಿಯಲ್ಲಿ ಆ ಹೆಸರಿನಲ್ಲಿ ಮುಗಿಯುವುದನ್ನು ಅದು ಹುಡುಕುತ್ತದೆ. ಹಾಕಿ ನೋಡಿದೆ. ಒಂದಕ್ಕಿಂತ ಹೆಚ್ಚು ಸಿಕ್ಕಿದೆ ಅಂತ ಬೈಸಿಕೊಂಡೆ. ನಮ್ಮಲ್ಲಿ ಓಪನ್ ಎಂಬವರು ನಾಲ್ವರಿದ್ದರು.

ಪೂರ್ತಿ ಹೆಸರು ಬರೆದ ಮೇಲೂ ಮೊದಲ ಸಲ ಸಿಗಲಿಲ್ಲ ಅಂತ ಬಂತು. ಕೋಡ್ ಇರುವುದು ರೀಡರ್ ಎಂಬ ಫೈಲಿನಲ್ಲಿ, ಹಾಗಾಗಿ ನಡುವೆ ರೀಡರ್ ಸೇರಿಸಿ ಬರೆದಿದ್ದೆ. ಡಾಕ್ಯುಮೆಂಟೇಶನ್‌ನಲ್ಲಿ ಅದು ದಾಖಲಾದದ್ದು ರೀಡರ್ ಇಲ್ಲದ ಹೆಸರಿನಲ್ಲಿ. ಕೋಡ್ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ, ಯಾವ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದೇ ಮುಖ್ಯ. ಆರ್‌ಟಿಸಿಯಲ್ಲಿ ಅಜ್ಜನ ಹೆಸರು ಇರುವಾಗ ನೀವು ಮೊಮ್ಮಗಳ ಹೆಸರು ಹೇಳಿದರೆ ಸಿಗುತ್ತದಾ? ಬಿಲ್ಡ್ ಆದ ಫೋಲ್ಡರಿನಲ್ಲಿ ‘ಆಬ್ಜೆಕ್ಟ್ಸ್ ಡಾಟ್ ಇನ್ವ್’ ಎಂಬ ಫೈಲು ಇರುತ್ತದೆ, ನೋಂದಣಿ ಪುಸ್ತಕ ಅದೇ. ನೇರವಾಗಿ ತೆರೆದರೆ ಓದಲಾಗುವುದಿಲ್ಲ, ಒತ್ತಿ ಕಟ್ಟಿಟ್ಟಿರುತ್ತದೆ. ಇಂಟರ್‌ಸ್ಫಿಂಕ್ಸನ್ನೇ ಪೈಥಾನ್‌ನಿಂದ ಕಮಾಂಡ್ ಆಗಿ ಓಡಿಸಿ ಈ ಫೈಲು ಕೊಟ್ಟರೆ ಎಲ್ಲ ಹೆಸರುಗಳನ್ನೂ ಸಾಲಾಗಿ ಅಚ್ಚು ಹಾಕುತ್ತದೆ. ಇದು ಮೊದಲೇ ಗೊತ್ತಿದ್ದಿದ್ದರೆ ನನಗೆ ಮೂರು ಸಂಜೆ ಉಳಿಯುತ್ತಿತ್ತು.

ಆಟಿ ಮುಗಿದು ಸೋಣ ತಿಂಗಳು ಬಂತು. 11 ತಪ್ಪು ಲಿಂಕು, ಜೊತೆಗೆ ಆ 118, ಒಟ್ಟು 37 ಫೈಲುಗಳ ಬದಲಾವಣೆ ಕಟ್ಟಿ ಕಳಿಸಲು ಹೊರಟೆ. ಪುಶ್ ಮಾಡಿದರೆ (ಬದಲಾವಣೆಯನ್ನು ಸೈಟಿಗೆ ಏರಿಸಿದರೆ) ಪಾಸ್‌ವರ್ಡ್ ನಡೆಯುವುದಿಲ್ಲ ಅಂತ ಬಂತು. ಗಿಟ್‌ಹಬ್ ಎಂಬ ಈ ಕೋಡ್ ಇಡುವ ಸೈಟ್ 2021ರ ಆಗಸ್ಟ್ 13ರಿಂದ ಕಮಾಂಡ್‌ಲೈನಿನಲ್ಲಿ ಪಾಸ್‌ವರ್ಡ್ ಒಪ್ಪುವುದನ್ನು ನಿಲ್ಲಿಸಿದೆ. ಟೋಕನ್ ಅಥವಾ ಎಸ್‌ಎಸ್‌ಎಚ್ ಕೀ ಬೇಕು. ಆಫೀಸಿನ ಯಂತ್ರದಲ್ಲಿ ಎಲ್ಲ ಯಾರೋ ಮೊದಲೇ ಮಾಡಿಟ್ಟದ್ದರಿಂದ ನನಗೆ ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ. ಟೋಕನ್ ಮಾಡಿದರೆ ಒಮ್ಮೆ ಮಾತ್ರ ತೋರಿಸುತ್ತಾರೆ, ಆ ಪುಟ ಮುಚ್ಚುವ ಮೊದಲು ನಕಲು ಮಾಡಿಕೊಳ್ಳಿ. ನಾನು ಎರಡು ಸಲ ಮಾಡಿದೆ, ಯಾಕೆ ಅಂತ ಬೇರೆ ಹೇಳಬೇಕಿಲ್ಲ.

ಪುಲ್ ರಿಕ್ವೆಸ್ಟ್, ಅಂದರೆ ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ, ಹೋಯಿತು. ಕೆಳಗೆ ಹಳದಿ ಬಣ್ಣದಲ್ಲಿ ಒಂದು ಸಾಲು: ಪರೀಕ್ಷೆ ಓಡಿಸಲು ಮೇಂಟೇನರ್ (ಲೈಬ್ರರಿ ನಡೆಸುವವರ) ಅನುಮತಿ ಬೇಕು. ಮೊದಲ ಸಲ ಕಳಿಸುವವರಿಗೆಲ್ಲ ಹಾಗೆಯೇ. ಅನುಮತಿಗೆ ಒಂಬತ್ತು ದಿನ. ಹತ್ತನೇ ದಿನ ಪರೀಕ್ಷೆ ಓಡಿತು, ಕೆಂಪು ಬಂತು. ಪ್ರತಿ ಕಮಿಟ್‌ನ (ದಾಖಲಿಸಿದ ಒಂದೊಂದು ಬದಲಾವಣೆಯ) ಕೊನೆಗೆ “ಸೈನ್ಡ್ ಆಫ್ ಬೈ” ಅಂತ ಹೆಸರು, ಇಮೇಲ್ ಇರಬೇಕಿತ್ತು. ನಾನು ಬರೆದದ್ದು ನನ್ನದೇ, ಕೊಡಲು ನನಗೆ ಹಕ್ಕುಂಟು ಅಂತ ಒಪ್ಪುವ ಸಹಿ. ಲಿನಕ್ಸ್ ಕರ್ನಲ್‌ನವರು 2004ರಲ್ಲಿ ಶುರು ಮಾಡಿದ ಪದ್ಧತಿ. ಕಮಿಟ್ ಮಾಡುವಾಗ ಹೈಫನ್ ಎಸ್ ಹಾಕಿದರೆ ತಾನೇ ಬರುತ್ತದೆ. ಮರೆತವರಿಗೆ ರೀಬೇಸ್ ಎಂಬ ಕಮಾಂಡ್ ಜೊತೆ ಸೈನ್‌ಆಫ್ ಕೊಟ್ಟರೆ ಹಳೆಯ ಕಮಿಟ್‌ಗಳಿಗೂ ಒಟ್ಟಿಗೆ ಬೀಳುತ್ತದೆ. ಆ ಇಮೇಲ್ ಲೋಕಕ್ಕೆಲ್ಲ ಕಾಣುತ್ತದೆ, ಯಾವುದು ಕೊಡುವುದು ಅಂತ ಮೊದಲೇ ಯೋಚಿಸಿ. ನಾನು ಯೋಚಿಸಲಿಲ್ಲ.

ಆಮೇಲೆ ಬಂದದ್ದು ವಿಮರ್ಶೆ. ಭಾಷೆ ಮೃದು, ಮಾತು ಖಡಕ್: 37 ಫೈಲು ಒಟ್ಟಿಗೆ ನೋಡಲಾಗದು, ದಯವಿಟ್ಟು ಎರಡು ಭಾಗ ಮಾಡಿ, ತಪ್ಪು ಜಾಗಕ್ಕೆ ಹೋಗುವ 11 ಮೊದಲು, ಉಳಿದದ್ದು ಮತ್ತೆ. ಓದಿದ ಕೂಡಲೇ ಸಿಟ್ಟು ಬಂತು. ತಿಂಗಳುಗಟ್ಟಲೆ ಕಾಯಿಸಿ ಈಗ ಹೇಳುವುದಾ? ಉತ್ತರ ಟೈಪ್ ಮಾಡಿದೆ. ಮಂಗಳೂರಿನ ಬಿಜೈಯ ರೂಮಿನಲ್ಲಿ ರಾತ್ರಿ ಹನ್ನೊಂದೂವರೆ. ಕಳಿಸದೆ ಮಲಗಿದೆ, ಅದೊಂದು ಒಳ್ಳೆಯದಾಯಿತು. ಬೆಳಿಗ್ಗೆ ನೋಡಿದರೆ ಅವರು ಹೇಳಿದ್ದೇ ಸರಿ. ಆ 11ನ್ನು ಒಂದೊಂದಾಗಿ ಕಣ್ಣಲ್ಲಿ ನೋಡಲೇಬೇಕು, 118ರ ನಡುವೆ ಹಾಕಿದರೆ ಯಾರು ನೋಡುತ್ತಾರೆ? ಆ ಉತ್ತರ ಅಳಿಸಿದೆ.

ಅಷ್ಟಮಿಗೆ ಊರಿಗೆ ಹೋದಾಗ ಭಾಗ ಮಾಡಿದೆ. ವಿಟ್ಲಪಿಂಡಿಯ (ಮೊಸರುಕುಡಿಕೆಯ) ದಿನ, ರಸ್ತೆಯಲ್ಲಿ ಹುಲಿವೇಷದ ತಾಸೆ ಪೆಟ್ಟು, ಒಳಗೆ ನಾನು ಮರ್ಜ್ ಕಾನ್‌ಫ್ಲಿಕ್ಟ್ (ಒಂದೇ ಪುಟಕ್ಕೆ ಇಬ್ಬರು ಮಾಡಿದ ಬದಲಾವಣೆಗಳ ತಿಕ್ಕಾಟ) ಬಿಡಿಸುತ್ತಿದ್ದೆ. ನಾನು ಕಾಯುತ್ತಿದ್ದ ದಿನಗಳಲ್ಲಿ ಬೇರೊಬ್ಬರು ಟ್ಯುಟೋರಿಯಲ್ ಪುಟವನ್ನೇ ಬೇರೆ ಫೋಲ್ಡರ್‌ಗೆ ಸಾಗಿಸಿದ್ದರು. ಅಮ್ಮ ಬಾಗಿಲಿಂದ ಇಣುಕಿ, “ಹುಲಿ ಬಂತು, ನಿನ್ನ ಲಿಂಕು ಓಡಿ ಹೋಗ್ತದಾ?” ಅಂದರು. ಹೊರಗೆ ಬಂದು ನೋಡಿದೆ. ಬಂದು ಮತ್ತೆ ಕೂತೆ.

ಎಂಟು ದಿನದ ಮೇಲೆ 11ರ ಭಾಗ ಮರ್ಜ್ ಆಯಿತು, ಲೈಬ್ರರಿಗೆ ಸೇರಿತು. ಆಫೀಸಿನಲ್ಲಿ ಹುಡುಗಿಯನ್ನು ಕರೆದು ಪುಟ ತೆರೆದು ಠೀವಿಯಿಂದ ‘ಓಪನ್’ ಒತ್ತಿದೆ. ಪೈಥಾನ್ ಸೈಟ್. ಬ್ರೌಸರಿನ ಕ್ಯಾಶೆ ಅಳಿಸಿ ಒತ್ತಿದೆ. ಪೈಥಾನ್ ಸೈಟ್. ಹುಡುಗಿ ನಗು ತಡೆದುಕೊಂಡದ್ದು ನನಗೆ ಕಂಡಿತು. ವಿಳಾಸ ನೋಡಿದರೆ ನಡುವೆ ‘ಸ್ಟೇಬಲ್’ ಅಂತ ಉಂಟು. ಅದು ಬಿಡುಗಡೆಯಾದ ಕೊನೆಯ ಆವೃತ್ತಿಯ ಪ್ರತಿ. ನನ್ನ ತಿದ್ದುಪಡಿ ಇರುವುದು ‘ಲೇಟೆಸ್ಟ್’ನಲ್ಲಿ. ಜನ ಹುಡುಕಿದಾಗ ಸಿಗುವುದು ಮಾತ್ರ ಸ್ಟೇಬಲ್ ಪುಟವೇ. ಹೊಸ ಆವೃತ್ತಿ ಬರುವವರೆಗೆ ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ. ಯಾವಾಗ ಅಂತ ಕೇಳಲು ಧೈರ್ಯ ಬರಲಿಲ್ಲ.

ಖರ್ಚು ಕೇಳುವವರಿಗೆ: ಡೇಟಾ ಟಾಪ್‌ಅಪ್ ನೂರು ರೂಪಾಯಿಯ ಒಳಗೆ, ಒಂದು ದಿನದ ರಜೆ, ಹುಡುಗಿಗೆ ಕೊಡಿಸಿದ ಗೋಳಿಬಜೆ ಚಾ ಲೆಕ್ಕ ಇಟ್ಟಿಲ್ಲ. ಸಂಜೆಗಳು ಇಪ್ಪತ್ತರ ಹತ್ತಿರ.

ನವರಾತ್ರಿ ಕಳೆದ ಮೇಲೆ, ಮೊನ್ನೆ, ಹೊಸ ಆವೃತ್ತಿ ಬಂತು. ಈ ಸಲ ಯಾರನ್ನೂ ಕರೆಯಲಿಲ್ಲ. ಸ್ಟೇಬಲ್ ಪುಟ ತೆರೆದು ‘ಓಪನ್’ ಮೇಲೆ ಮೌಸ್ ಇಟ್ಟೆ. ಸಣ್ಣ ಚೀಟಿ ಬಂತು, ಅದರಲ್ಲಿ ಪೈಥಾನ್ ಎಂಬ ಶಬ್ದ ಇರಲಿಲ್ಲ. ಒತ್ತಿದೆ. ಅದೇ ಸೈಟ್, ಅದೇ ಬಣ್ಣ, ನಾಲ್ಕೇ ನಾಲ್ಕು ಪ್ಯಾರಾಮೀಟರ್. ನ್ಯೂಲೈನ್ ಇಲ್ಲ.

118ರ ಎರಡನೇ ರಿಕ್ವೆಸ್ಟ್ ಇನ್ನೂ ಹಾಗೇ ಉಂಟು. ನಿನ್ನೆ ಅದರಲ್ಲಿ ಮತ್ತೊಂದು ಕಾನ್‌ಫ್ಲಿಕ್ಟ್ ಬಂದಿದೆ.